ಬೀಳದ ಸೇತುವೆ

ರೋಹಿಣಿ ಮಳೆಗೆ ಮುನ್ನ ಇಂಡಿ, ಸಿಂದಗಿ ಸೀಮೆಯ ಹಳ್ಳಿಗಳಲ್ಲಿ ಮನೆಯ ಯಜಮಾನನು ಏಣಿ ಹಾಕಿ ಮಾಳಿಗೆಯನ್ನು ಏರುವುದುಂಟು. ಬೇಸಗೆಯ ಬಿಸಿಲಿಗೆ ಮಣ್ಣು ಎಲ್ಲಿ ಬಿರುಕು ಬಿಟ್ಟಿದೆ, ಇಲಿ ಎಲ್ಲಿ ಬಿಲ ತೋಡಿದೆ, ನೀರು ಹೊರಹೋಗುವ ದಾರಿಯಲ್ಲಿ ಕಸ ಕಟ್ಟಿದೆಯೆ ಎಂದು ನೋಡಿ, ನಾಲ್ಕು ಬುಟ್ಟಿ ಕರಲು ಮಣ್ಣು ಹಾಕಿ ತುಳಿದು ಇಳಿಯುತ್ತಾನೆ. ಸಿಮೆಂಟಿನ ಮನೆಗಳು ಹೆಚ್ಚಿದ ಮೇಲೆ ಈ ದೃಶ್ಯ ಅಪರೂಪವಾಗುತ್ತಿದೆ. ಈ ಕೆಲಸ ಮಾಡಿದುದಕ್ಕಾಗಿ ಅವನನ್ನು ಯಾರೂ ಹೊಗಳುವುದಿಲ್ಲ. ಆದರೆ ಮಾಡದೆ ಬಿಟ್ಟ ವರ್ಷ ಜೋಳದ ಚೀಲಗಳ ಮೇಲೆ ಮಾಳಿಗೆ ಸೋರಿತೆಂದರೆ, ಊರಿಗೆ ಊರೇ ಬಂದು ಅವನಿಗೆ ಬುದ್ಧಿ ಹೇಳುತ್ತದೆ.

ಮಾಳಿಗೆಗೆ ಒಬ್ಬ ಯಜಮಾನನಿದ್ದಾನೆ. ಸಾವಿರಾರು ಜನ ದಾಟುವ ಸೇತುವೆಯ ಕೆಳಗೆ ಇಳಿದು ನೋಡುವವರು ಯಾರು?

ವಿಜಯಪುರ ಜಿಲ್ಲೆಯ ಜನರಿಗೆ ಈ ಪ್ರಶ್ನೆ ದೂರದ್ದಲ್ಲ. ಉತ್ತರದಲ್ಲಿ ಇಂಡಿ, ಸಿಂದಗಿಗಳ ಅಂಚಿಗೆ ಭೀಮೆ; ದಕ್ಷಿಣದಲ್ಲಿ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿಗೆ ಕೃಷ್ಣೆ; ನಡುವೆ, ಜತ್ತ ಸೀಮೆಯಲ್ಲಿ ಹುಟ್ಟಿ ಬರುವ ಡೋಣಿ. ಸೊಲ್ಲಾಪುರಕ್ಕೆ ಹೋಗುವವರು ಧೂಳಖೇಡದ ಬಳಿ ಭೀಮೆಯನ್ನು ದಾಟಬೇಕು. ಆಲಮಟ್ಟಿಯ ಹಿನ್ನೀರಿನ ಮೇಲೆ ಕೊಲ್ಹಾರದಿಂದ ಕೊರ್ತಿಗೆ ಸಾಗುವ ಸೇತುವೆಯ ಉದ್ದವೇ ಸುಮಾರು ಮೂರು ಕಿಲೋಮೀಟರು. ಹಿಂದೆ ಮುದ್ದೇಬಿಹಾಳಕ್ಕೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ತಾಳಿಕೋಟೆಯ ಹತ್ತಿರ, ಹಡಗಿನಾಳದ ನೆಲಮಟ್ಟದ ಸೇತುವೆ ಡೋಣಿ ಉಕ್ಕಿದಾಗಲೆಲ್ಲ ಮುಳುಗುತ್ತ ಬಂದಿದೆ. “ಬ್ರಿಜ್ ಮ್ಯಾಲ ನೀರ ಬಂದೈತಿ” ಎಂಬ ಒಂದು ಮಾತಿಗೆ ಶಾಲೆ, ಸಂತೆ, ಆಸ್ಪತ್ರೆ ಎಲ್ಲವೂ ಆಚೆಯ ದಡದಲ್ಲಿ ಉಳಿದುಬಿಡುತ್ತವೆ.

ನೀರು ಮೇಲೆ ಬಂದದ್ದು ಎಲ್ಲರಿಗೂ ಕಾಣುತ್ತದೆ. ಅದು ಕೆಳಗೆ ಮಾಡಿದ ಕೆಲಸ ಕಾಣುವುದಿಲ್ಲ. ಪ್ರವಾಹವು ಸೇತುವೆಯ ಕಂಬಕ್ಕೆ ಬಡಿದಾಗ ನೀರು ಕಂಬದ ಬುಡಕ್ಕೆ ಧುಮುಕಿ, ಸುಳಿಯಾಗಿ ತಿರುಗಿ, ಬುನಾದಿಯ ಸುತ್ತಣ ಮರಳನ್ನು ಕೊರೆದು ಒಯ್ಯುತ್ತದೆ. ಇದರಲ್ಲಿ ಒಂದು ಮೋಸವಿದೆ. ನೆರೆ ಇಳಿಯುವಾಗ ಅದೇ ನದಿ ಆ ಗುಂಡಿಯನ್ನು ಸಡಿಲ ಮರಳಿನಿಂದ ಮತ್ತೆ ಮುಚ್ಚಿಬಿಡುತ್ತದೆ. ಬಿಸಿಲು ಬಿದ್ದ ಮೇಲೆ ದಡದಲ್ಲಿ ನಿಂತು ನೋಡಿದವನಿಗೆ ಕಂಬವು ಮೊದಲಿನಂತೆಯೇ ಕಾಣುತ್ತದೆ. ಆದರೆ ಅದರ ಬುಡವನ್ನು ಹಿಡಿದಿದ್ದ ಗಟ್ಟಿ ನೆಲ ಅಲ್ಲಿರುವುದಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆಗೆ ಬಂದಂತಹ ಮಹಾಪೂರವು ಇಳಿದುಹೋದ ಮೇಲೆ, ದಂಡೆಯ ಜನ ಮನೆಯ ಕೆಸರು ತೆಗೆಯುವ ಹೊತ್ತಿಗೆ, ಕಂಬದ ಬುಡದ ಆಳವನ್ನು ಅಳೆಯುವ ಕೆಲಸವೂ ನಡೆಯಬೇಕಾಗುತ್ತದೆ. ಡೋಣಿಯದು ಇನ್ನೊಂದು ಬಗೆ. ಅದರ ನೀರು ಸವುಳು. ಉಪ್ಪು ಕಾಂಕ್ರೀಟಿನ ಬಿರುಕಿನಲ್ಲಿ ಇಳಿದು ಒಳಗಿನ ಸರಳನ್ನು ಮುಟ್ಟಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಮೇಲಿನ ಕಾಂಕ್ರೀಟನ್ನು ಸಿಡಿಸುತ್ತದೆ.

ಕಡಲಂಚಿನ ಸೇತುವೆಗಳಿಗೆ ಈ ಉಪ್ಪಿನ ಕಾಟ ಇನ್ನೂ ಹೆಚ್ಚು. ಕಾರವಾರದಲ್ಲಿ ಕಾಳೀ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕುಸಿದು ಬಿತ್ತು. ಅದಕ್ಕೆ ಆಗ ವಯಸ್ಸು ನಲವತ್ತೊಂದು. ಒಂದು ಲಾರಿ ನದಿಗೆ ಬಿದ್ದಿತು. ಅದರ ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ಬದುಕಿಸಿದರು. ಅದೇ ಸೇತುವೆ ಹಗಲಿನಲ್ಲಿ ಬಿದ್ದಿದ್ದರೆ ಎಂಬುದನ್ನು ಯೋಚಿಸಲೂ ಭಯವಾಗುತ್ತದೆ. ಮರುದಿನದಿಂದ ಅಲ್ಲಿಗೆ ಬಾರದ ಅಧಿಕಾರಿಗಳಿಲ್ಲ. ಪಕ್ಕದ ಹೊಸ ಸೇತುವೆಯ ಭದ್ರತೆಯನ್ನೂ ಪರಿಶೀಲಿಸಲಾಯಿತು. 2025ರ ಜುಲೈ 9ರಂದು ಗುಜರಾತಿನ ಗಂಭೀರಾ ಸೇತುವೆಯ ಒಂದು ಅಂಕಣ ಮಹೀ ನದಿಗೆ ಬಿದ್ದು ಇಪ್ಪತ್ತರಷ್ಟು ಜನ ಸತ್ತ ಅನಂತರವೂ, ಆ ರಾಜ್ಯದ ಅನೇಕ ಸೇತುವೆಗಳನ್ನು ಪರೀಕ್ಷಿಸಿ ಕೆಲವನ್ನು ಮುಚ್ಚಲಾಯಿತು. ತಪಾಸಣೆ, ತನಿಖೆ ಇವೆರಡೂ ಅಕ್ಕಪಕ್ಕದ ಮಾತುಗಳು. ಆದರೆ ತನಿಖೆಗೆ ಹಣವೂ ಜನವೂ ಒಂದೇ ದಿನದಲ್ಲಿ ಒದಗುತ್ತವೆ. ತಪಾಸಣೆಯ ಕಡತ ಮಾತ್ರ ಮುಂದಿನ ವರ್ಷಕ್ಕೆ ಕಾಯುತ್ತದೆ.

ಈ ಗುಣ ಒಂದು ದೇಶದ್ದಲ್ಲ. ಅಮೆರಿಕದ ಓಹಾಯೋ ನದಿಯ ಮೇಲಿದ್ದ ಸಿಲ್ವರ್ ಬ್ರಿಜ್ 1967ರ ಡಿಸೆಂಬರ್ 15ರ ಸಂಜೆ ವಾಹನಗಳ ಸಮೇತ ಬಿದ್ದು 46 ಜನ ಸತ್ತರು. ಸೇತುವೆಯನ್ನು ತೂಗಿ ಹಿಡಿದಿದ್ದ ಉಕ್ಕಿನ ಪಟ್ಟಿಯೊಂದರಲ್ಲಿ ಎರಡೂವರೆ ಮಿಲಿಮೀಟರಿನಷ್ಟು ಆಳದ ಬಿರುಕೇ ಅದಕ್ಕೆ ಮೂಲವೆಂದು ತನಿಖೆಯಿಂದ ತಿಳಿಯಿತು. ಆ ಬಿರುಕು, ಸಂದನ್ನು ಬಿಚ್ಚದೆ ಯಾರ ಕಣ್ಣಿಗೂ ಬೀಳುವಂಥದಾಗಿರಲಿಲ್ಲ. ಒಂದು ಪಟ್ಟಿ ಮುರಿದರೆ ಇಡೀ ಸೇತುವೆಯೇ ಬೀಳುವಂತೆ ಅದನ್ನು ಕಟ್ಟಿದ್ದುದೂ ತಪ್ಪೇ. ನೋಡುವುದರಿಂದ ಎಲ್ಲವೂ ತಪ್ಪುತ್ತದೆ ಎನ್ನಲಾಗದು; ಆದರೂ ಆ ದೇಶವು ಆ ಸಾವುಗಳ ಬಳಿಕ, 1971ರಲ್ಲಿ, ಹೆದ್ದಾರಿಯ ಸೇತುವೆಗಳನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುವ ನಿಯಮವನ್ನು ಜಾರಿಗೆ ತಂದಿತು. ಭಾರತದಲ್ಲಿಯೂ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಗಳಿವೆ. ರಾಷ್ಟ್ರೀಯ ಹೆದ್ದಾರಿಗಳ ಸೇತುವೆಗಳನ್ನು, ಸಣ್ಣ ಮೋರಿಗಳನ್ನೂ ಸೇರಿಸಿ, ಒಂದೂವರೆ ಲಕ್ಷಕ್ಕೂ ಮಿಕ್ಕಿ ಪಟ್ಟಿ ಮಾಡಲಾಯಿತು. ಪಟ್ಟಿಯಲ್ಲಿ ಸೇರಿದ ಸೇತುವೆಗೆ ಒಂದು ಸಂಖ್ಯೆ ಸಿಕ್ಕಿತು. ಅದರ ಕೆಳಗೆ ಇಳಿಯುವ ಕಾಲುಗಳು ಬೇರೆಯೇ ಬೇಕು.

ಅದಕ್ಕೆ ಬೇಕಾದುದು ಬಹಳವೇನೂ ಅಲ್ಲ: ಒಂದು ದೋಣಿ, ಆಳ ಅಳೆಯುವ ಕೋಲು, ಒಂದು ಟಾರ್ಚು, ಒಂದು ಸುತ್ತಿಗೆ, ತಿಳಿದವರು ಇಬ್ಬರು. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಕಾಂಕ್ರೀಟು ಕಣಕಣನೆ ನುಡಿಯುತ್ತದೆ. ಒಳಗೆ ಪದರ ಬಿಟ್ಟದ್ದು ಪೊಳ್ಳು ದನಿ ಕೊಡುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎಲ್ಲಿಯಾದರೂ ಸೇತುವೆಯ ಸಂದಿನಲ್ಲಿ ಮೊಳೆತ ಅರಳಿಯ ಸಸಿಯನ್ನು ಬೇರುಸಹಿತ ಕಿತ್ತು, ಮಳೆನೀರು ಇಳಿಯುವ ಕೊಳವೆಯ ಹೂಳನ್ನು ಸಲಾಕಿಯಿಂದ ಚುಚ್ಚಿ ತೆಗೆಯುತ್ತಿರುವ ಕೂಲಿಕಾರನೊಬ್ಬ ಕಾಣಸಿಗುವುದುಂಟು. ಸಿಂದಗಿಯ ಕಡೆಯಿಂದ ಬಂದ ಬಸ್ಸು ಅವನ ಮೇಲೆ ಧೂಳೆಬ್ಬಿಸಿ ಆಚೆಯ ದಡಕ್ಕೆ ಹೊರಟುಹೋಗುತ್ತದೆ. ಒಳಗಿನ ಪ್ರಯಾಣಿಕರಲ್ಲಿ ಅರ್ಧ ಜನಕ್ಕೆ ನಿದ್ದೆ.