ಬೆಣ್ಣೆ ಸಂತೆಗೆ, ಮಜ್ಜಿಗೆ ಮನೆಗೆ

ಎಪ್ಪತ್ತರ ದಶಕದಲ್ಲಿ ಸೊರಬ ಸೀಮೆಯ ನಮ್ಮಂಥ ಮನೆಗಳಲ್ಲಿ ಬೆಣ್ಣೆ ತೆಗೆಯುತ್ತಿದ್ದುದು ಮಾರುವುದಕ್ಕೆ. ಅಜ್ಜಿ ಬೆಳಗಿನ ಜಾವ ಎದ್ದು ಮೊಸರು ಕಡೆಯುತ್ತಿದ್ದಳು. ತೇಲಿದ ಬೆಣ್ಣೆಯನ್ನು ಕೈಯಲ್ಲಿ ಒಟ್ಟು ಮಾಡಿ, ಮುದ್ದೆ ಕಟ್ಟಿ, ತಣ್ಣೀರಿನಲ್ಲಿ ಮುಳುಗಿಸಿಡುತ್ತಿದ್ದಳು. ಸಂತೆಯ ದಿನ ಅದು ಬಾಳೆಲೆಯಲ್ಲಿ ಕೂತು ಊರು ಬಿಡುತ್ತಿತ್ತು. ಆ ದುಡ್ಡಿಗೆ ಉಪ್ಪು, ಮೆಣಸಿನಕಾಯಿ, ಸೀಮೆಎಣ್ಣೆ, ಕಾಫಿಪುಡಿ ಬರುತ್ತಿದ್ದವು. ಮಿಕ್ಕ ಬೆಣ್ಣೆ ಕಾಯಿಸಿ ತುಪ್ಪ ಮಾಡಿದರೆ ಅದು ಹಬ್ಬಕ್ಕೆ, ಬಾಣಂತಿಗೆ, ಬಂದ ನೆಂಟರಿಗೆ. ಮನೆಯವರ ಪಾಲಿಗೆ ಮಜ್ಜಿಗೆ. ಕಡೆಯುವ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ ಮಕ್ಕಳಿಗೆ ಅಕ್ಕಿರೊಟ್ಟಿಯ ಮೇಲೆ ಒಂದು ಚೂರು ಬೆಣ್ಣೆ ಸಿಗುತ್ತಿತ್ತು. ಕಾಫಿ ಬೆಲ್ಲದ್ದು; ಹಾಲು ಬಣ್ಣ ತಿರುಗುವಷ್ಟು ಮಾತ್ರ.

ಇದನ್ನೆಲ್ಲ ಈಗ ಬರೆಯುತ್ತಿರುವುದಕ್ಕೆ ಕಾರಣ ಶಿಕಾರಿಪುರದಲ್ಲಿರುವ ನನ್ನ ಅಣ್ಣನ ಮಗ. ಬೆಳಗಿನ ತಿಂಡಿ ಬಿಟ್ಟು ಬೆಣ್ಣೆ ಕಾಫಿ ಕುಡಿಯುತ್ತಿದ್ದ. ಹಾಲು, ಸಕ್ಕರೆ ಇಲ್ಲದ ಡಿಕಾಕ್ಷನ್ನಿಗೆ ಉಪ್ಪಿಲ್ಲದ ಬೆಣ್ಣೆ ಎರಡು ದೊಡ್ಡ ಚಮಚ, ತೆಂಗಿನ ಎಣ್ಣೆಯಿಂದ ತೆಗೆದ ಎಂಸಿಟಿ ಎಣ್ಣೆ ಒಂದು ದೊಡ್ಡ ಚಮಚ; ಮಿಕ್ಸಿಯಲ್ಲಿ ತಿರುಗಿಸಿದರೆ ನೊರೆ ಬರುತ್ತದೆ. “ಚಿಕ್ಕಪ್ಪ, ನೀವೂ ಶುರು ಮಾಡಿ, ಹೊಟ್ಟೆ ಕರಗುತ್ತೆ. ನಿಮ್ಮ ಕಾಲದಲ್ಲಿ ಬೆಣ್ಣೆ ತುಪ್ಪ ತಿಂದುಕೊಂಡೇ ಎಲ್ಲರೂ ತೆಳ್ಳಗಿದ್ರಲ್ಲ” ಎಂದ. ಅವನು ಹೇಳಿದ ಆ ಕಾಲವನ್ನು ನಾನು ಕಂಡಿದ್ದೇನೆ. ಅದು ಹಾಗಿರಲಿಲ್ಲ.

ಮೊದಲು ಬೆಣ್ಣೆಯ ಲೆಕ್ಕ. ನಮ್ಮ ಕೊಟ್ಟಿಗೆಯಲ್ಲಿದ್ದವು ಮಲೆನಾಡು ಗಿಡ್ಡ ದನಗಳು. ಕಾಡಲ್ಲಿ ಮೇದು ಬಂದು ದಿನಕ್ಕೆ ಒಂದರಿಂದ ಮೂರು ಲೀಟರ್ ಹಾಲು ಕೊಟ್ಟರೆ ಅದೇ ದೊಡ್ಡದು. ಬೇಸಿಗೆಯಲ್ಲಿ ಇನ್ನೂ ಕಡಿಮೆ. ಕರುವಿನ ಪಾಲು ಬೇರೆ. ಎರಡು ದೊಡ್ಡ ಚಮಚ ಬೆಣ್ಣೆ ಎಂದರೆ ಸುಮಾರು 28 ಗ್ರಾಂ. ಅಷ್ಟು ಬೆಣ್ಣೆ ಬರಬೇಕಾದರೆ ಗಿಡ್ಡದ ಹಾಲು ಹತ್ತಿರ ಹತ್ತಿರ ಅರ್ಧ ಲೀಟರ್ ಬೇಕು. ಇವತ್ತು ಒಬ್ಬ ಹುಡುಗ ಒಂದು ಲೋಟಕ್ಕೆ ಹಾಕಿಕೊಳ್ಳುವ ಬೆಣ್ಣೆ ಅಂದು ಒಂದು ದನದ ಒಂದು ಹೊತ್ತಿನ ಹಾಲು. ಹತ್ತು ಜನರ ಮನೆಯಲ್ಲಿ ದಿನವೂ ಯಾರು ಹಾಗೆ ತಿಂದಾರು? ಉಳ್ಳವರ ಮನೆ ಕೆಲವು ಇದ್ದವು, ನಿಜ. ಆ ಮನೆಗಳ ಯಜಮಾನರಿಗೆ ಹೊಟ್ಟೆಯೂ ಇತ್ತು.

ಉಳಿದವರು ತೆಳ್ಳಗಿದ್ದುದು ಕೆಲಸದಿಂದ ಮತ್ತು ಇಲ್ಲದಿರುವಿಕೆಯಿಂದ. ನನ್ನ ಅಜ್ಜಿ ಭತ್ತ ಕುಟ್ಟಿದವಳು, ಬೀಸುಕಲ್ಲು ಎಳೆದವಳು, ಮಳೆಗಾಲ ಪೂರ್ತಿ ಸೊಂಟ ಬಗ್ಗಿಸಿ ಸಸಿ ನೆಟ್ಟವಳು, ಬೇಸಿಗೆಯಲ್ಲಿ ಕೊಟ್ಟಿಗೆಗೆ ಸೊಪ್ಪು, ಒಲೆಗೆ ಕಟ್ಟಿಗೆ ಹೊತ್ತವಳು. ಎಲ್ಲರ ಊಟ ಆದಮೇಲೆ ಪಾತ್ರೆಯಲ್ಲಿ ಉಳಿದದ್ದು ಅವಳ ಊಟ. ಹೆರಿಗೆ ಮೇಲೆ ಹೆರಿಗೆ, ನಡುವೆ ಚಳಿಜ್ವರ. ಬೆಣ್ಣೆ ಕೊಡುವ ದನ ಮೇಯುವ ಕಾಡೂ ನಿರಪಾಯದ ಜಾಗವಾಗಿರಲಿಲ್ಲ: 1957ರಲ್ಲಿ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ದನ ಕಾಯಲು, ಸೌದೆ ಸೊಪ್ಪು ತರಲು ಹೋದವರನ್ನೇ ಅದನ್ನು ಹರಡುವ ಉಣುಗು ಕಚ್ಚುತ್ತಿತ್ತು. ಅಜ್ಜಿಯ ತೋಳಿನ ಮೂಳೆ ಎದ್ದು ಕಾಣುತ್ತಿದ್ದುದನ್ನು ಆರೋಗ್ಯವೆಂದು ಕರೆಯಲು ನನಗೆ ಮನಸ್ಸು ಬಾರದು.

ಈಗ ಸೊರಬ, ಶಿಕಾರಿಪುರ ಎರಡೂ ಕಡೆ ಗದ್ದೆ ತೋಟವಾಗುತ್ತಿದೆ. ಶುಂಠಿ ಬಂತು, ಮೆಕ್ಕೆಜೋಳ ಬಂತು, ಟಿಲ್ಲರ್ ಬಂತು. ಕೊಟ್ಟಿಗೆಗಳಲ್ಲಿ ಎಚ್‌ಎಫ್, ಜರ್ಸಿ ತಳಿ. ಹಾಲು ಡೈರಿಗೆ ಹೋಗುತ್ತದೆ, ಬೆಣ್ಣೆ ನಂದಿನಿ ಪೊಟ್ಟಣದಲ್ಲಿ ಊರಿಗೆ ವಾಪಸು ಬರುತ್ತದೆ. ಹೆಂಗಸರ ಬೆನ್ನಿನ ಹೊರೆ ಇಳಿದದ್ದು ಒಳ್ಳೆಯದೇ ಆಯಿತು. ಆ ಕಾಲ ಯಾರಿಗೂ ವಾಪಸು ಬರುವುದು ಬೇಡ. ಆದರೆ ಮೈ ದುಡಿಮೆ ಇಳಿದು ಎಣ್ಣೆ, ಸಕ್ಕರೆ, ಬೇಕರಿ ತಿಂಡಿ ಏರಿದಾಗ ತೂಕ ಏರದೆ ಇರುವುದಿಲ್ಲ.

ಕಾಫಿಗೆ ಬೆಣ್ಣೆ ಹಾಕುವುದನ್ನು ಜಗತ್ತಿಗೆಲ್ಲ ಹಬ್ಬಿಸಿದವನು ಅಮೆರಿಕದ ಉದ್ಯಮಿ ಡೇವ್ ಆಸ್ಪ್ರಿ. ಟಿಬೆಟ್ಟಿನ ಬೆಣ್ಣೆ ಚಹಾ ಕುಡಿದಾಗ ಇದು ಹೊಳೆಯಿತೆಂದು ಹೇಳಿಕೊಂಡ. 2014ರಲ್ಲಿ ‘ಬುಲೆಟ್‌ಪ್ರೂಫ್ ಡಯಟ್’ ಎಂಬ ಪುಸ್ತಕವನ್ನೂ ತಂದ. ಆ ಚಹಾ ನೋಡಲು ನಾವು ಟಿಬೆಟ್ಟಿಗೆ ಹೋಗಬೇಕಾಗಿಲ್ಲ. ಬನವಾಸಿ ಕಡೆಯಿಂದ ಮುಂಡಗೋಡಿಗೆ ಹೋದರೆ 1960ರ ದಶಕದಲ್ಲಿ ನೆಲೆ ನಿಂತ ಟಿಬೆಟನ್ನರ ಕಾಲೊನಿ ಇದೆ. ಚಹಾಕ್ಕೆ ಉಪ್ಪು, ಬೆಣ್ಣೆ ಹಾಕಿ ಕಡೆಯುವುದು ಅವರ ಹಳೆಯ ರೂಢಿ. ನಾಲ್ಕು ಸಾವಿರ ಮೀಟರಿಗೂ ಎತ್ತರದ ಚಳಿಯಲ್ಲಿ ಯಾಕ್ ಮೇಯಿಸುತ್ತ ನಡೆಯುವವರಿಗೆ ಮೈ ಬಿಸಿಯಾಗಿಡಲು, ಕಸುವು ತುಂಬಲು ಆದ ಪಾನೀಯ ಅದು. ತೂಕ ಇಳಿಸಲು ಹುಟ್ಟಿದ್ದಲ್ಲ.

ಹಾಗಾದರೆ ತೂಕ ಇಳಿಯುವುದೇ ಇಲ್ಲವೇ? ಕೆಲವರಿಗೆ ಇಳಿಯುತ್ತದೆ, ನಮ್ಮ ಹುಡುಗನಿಗೂ ಸ್ವಲ್ಪ ಇಳಿಯಿತು. ಬೆಣ್ಣೆ 28 ಗ್ರಾಮಿಗೆ ಸುಮಾರು 200 ಕ್ಯಾಲೊರಿ, ಎಂಸಿಟಿ ಎಣ್ಣೆಯ ದೊಡ್ಡ ಚಮಚಕ್ಕೆ ನೂರಕ್ಕೂ ಮೇಲೆ. ಒಟ್ಟು 300 ದಾಟುತ್ತದೆ. ಅವನು ಮುಂಚೆ ತಿನ್ನುತ್ತಿದ್ದ ಮಸಾಲೆದೋಸೆ, ಸಕ್ಕರೆ ಹಾಕಿದ ಎರಡು ಕಾಫಿ, ಹನ್ನೊಂದು ಗಂಟೆಯ ಬಜ್ಜಿ ಇದಕ್ಕಿಂತ ಹೆಚ್ಚಾಗಿದ್ದವು. ಅವು ನಿಂತವು, ತೂಕ ಇಳಿಯಿತು. ಜಿಡ್ಡು ಹೊಟ್ಟೆಯಲ್ಲಿ ನಿಧಾನಕ್ಕೆ ಕರಗುವುದರಿಂದ ಹಸಿವು ತಡವಾಗಿ ಆಗಿರಲೂಬಹುದು. ಎಂಸಿಟಿ ಎಣ್ಣೆಯ ಮೇಲೆ ನಡೆದ ಪ್ರಯೋಗಗಳಲ್ಲಿ, ಬೇರೆ ಎಣ್ಣೆಯ ಬದಲಿಗೆ ಅದನ್ನು ಬಳಸಿದವರ ತೂಕ ತುಸು ಇಳಿದದ್ದುಂಟು. ಬೆಣ್ಣೆಯಲ್ಲಿ ಆ ಜಾತಿಯ ಕೊಬ್ಬು ಸ್ವಲ್ಪವೇ ಇದೆ. ಬೆಣ್ಣೆಯೇ ಮೈಕೊಬ್ಬು ಕರಗಿಸುತ್ತದೆ ಎನ್ನಲು ಆಧಾರವಿಲ್ಲ. ತಿಂಡಿಯನ್ನೂ ತಿಂದು ಇದನ್ನೂ ಕುಡಿದರೆ ತೂಕ ಏರುತ್ತದೆ.

ನನಗೆ ಹೆಚ್ಚು ಚಿಂತೆ ತೂಕದ್ದಲ್ಲ, ರಕ್ತನಾಳದ್ದು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿಯ ಪ್ರಕಾರ ಪರ್ಯಾಪ್ತ ಕೊಬ್ಬು ಸುಮಾರು 22 ಗ್ರಾಂ ಮೀರಬಾರದು. ಆ ಲೋಟದ ಬೆಣ್ಣೆಯಲ್ಲೇ 14 ಗ್ರಾಂ ಇದೆ. ಎಂಸಿಟಿ ಎಣ್ಣೆಯೂ ಸೇರಿದರೆ ಬೆಳಿಗ್ಗೆಯೇ ಇಡೀ ದಿನದ ಮಿತಿ ದಾಟಿತು. ಬೆಣ್ಣೆ ಎಲ್‌ಡಿಎಲ್ ಕೊಲೆಸ್ಟ್ರಾಲ್ ಏರಿಸುವುದು ಹಲವು ಪ್ರಯೋಗಗಳಲ್ಲಿ ಖಚಿತವಾದ ಸಂಗತಿ. ಹೃದಯಾಘಾತ ಬೇರೆ ದೇಶದವರಿಗಿಂತ ನಮ್ಮವರಿಗೆ ಎಳೆಯ ವಯಸ್ಸಿಗೇ ಬರುತ್ತದೆ. ಹುಡುಗನಿಗೆ ರಕ್ತ ಪರೀಕ್ಷೆ ಮಾಡಿಸು ಎಂದೆ, ಎಲ್‌ಡಿಎಲ್ ಏರಿತ್ತು. ಡಾಕ್ಟರ್ ಬೆಣ್ಣೆ ನಿಲ್ಲಿಸಲು ಹೇಳಿದರು. ಈಗ ಸಕ್ಕರೆಯಿಲ್ಲದ ಕಾಫಿ ಕುಡಿದು, ಎರಡು ಇಡ್ಲಿ ತಿಂದು, ಸಂಜೆ ನಡೆಯುತ್ತಾನೆ.

ಮಗನನ್ನು ನೋಡಿ ಅಣ್ಣನೂ ತಿಂಡಿ ಬಿಟ್ಟು ಬೆಣ್ಣೆ ಕಾಫಿ ಶುರು ಮಾಡಿದ್ದ. ಅವನಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ರಕ್ತದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ. ಒಂದು ದಿನ ಹತ್ತೂವರೆಗೆ ಬೆವರಿ, ಕೈ ನಡುಗಿ, ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟ. ಪಕ್ಕದವರು ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡ. ನಿಮ್ಮ ಮನೆಯಲ್ಲಿ ಇಂಥ ಮಾತ್ರೆ ನುಂಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದರೆ, ಡಾಕ್ಟರನ್ನು ಕೇಳದೆ ತಿಂಡಿ ಬಿಡಲು ಬಿಡಬೇಡಿ.