ಕಾಗದದ ಕತ್ತೆ, ಹಿಟ್ಟಿನ ಕೋಳಿ

ವಿವಾಹವು ಶ್ರಾವಕನಿಗೆ ಗೃಹಸ್ಥಧರ್ಮದ ಪ್ರವೇಶದ್ವಾರವಾದುದರಿಂದ, ಅದರ ಅಲಂಕಾರವೂ ಕೇವಲ ಅಭಿರುಚಿಯ ಪ್ರಶ್ನೆಯಾಗಿ ಉಳಿಯಲಾರದು. ಈಚೆಗೆ ಕುಪ್ಪೇಲೂರಿನ ನಮ್ಮ ಮನೆಯಲ್ಲಿಯೇ ಈ ವಿಚಾರ ಚರ್ಚೆಗೆ ಬಂದಿತು. ನನ್ನ ತಮ್ಮನ ಮಗಳು ತನ್ನ ಮದುವೆಯ ಆರತಕ್ಷತೆಯ ಚಪ್ಪರವನ್ನು ಹಳೆಯ ಕಾಲದ ಮೆಕ್ಸಿಕೋ ದೇಶದ ರೀತಿಯಲ್ಲಿ ಶೃಂಗರಿಸಬೇಕೆಂದು ಅಪೇಕ್ಷಿಸಿದಳು. ಪರದೇಶದ ಸೋಗು ನಮಗೇಕೆಂದು ಹಿರಿಯರು ಆಕ್ಷೇಪಿಸಿದರು. ಆ ಆಕ್ಷೇಪವನ್ನು ನಾನು ಒಪ್ಪಲಿಲ್ಲ.

ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಬದುಕಿನಿಂದ ಮೆಕ್ಸಿಕೋವನ್ನು ಹೊರಗಿಟ್ಟರೆ ಉಳಿಯುವುದೆಷ್ಟು? 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮೂಲಕುಲ ಆ ನಾಡಿನದು. ಪೋರ್ಚುಗೀಸರ ಹಡಗುಗಳೊಡನೆ ಈ ಕಡೆಗೆ ಬಂದುದು. ನಮ್ಮ ಹೊಲಗಳ ಗೋವಿನಜೋಳವೂ ಅಲ್ಲಿಯದೇ. ನಾವು ಮಂಗಲವೆಂದು ಬಾಗಿಲಿಗೆ ಕಟ್ಟುವ ಚೆಂಡುಹೂವೂ ಅಲ್ಲಿಂದ ಬಂದುದು. ಅಲ್ಲಿ ನವೆಂಬರ್ 1 ಮತ್ತು 2ರಂದು ಮೃತರ ಸ್ಮರಣೆಗೆ ಇದೇ ಹೂವನ್ನು ರಾಶಿಯಾಗಿ ಇಡುತ್ತಾರೆ. (ಇದನ್ನು ಮನೆಯ ಹೆಂಗಸರ ಮುಂದೆ ನಾನು ಹೇಳಲಿಲ್ಲ.)

ಹುಡುಗಿ ಬರೆದು ತೋರಿಸಿದ ಚಿತ್ರದಲ್ಲಿ ಒಣಮೆಣಸಿನಕಾಯಿಯ ಸರಗಳು, ಮಣ್ಣಿನ ಕುಂಡಗಳು, ಕತ್ತರಿಸಿದ ಬಣ್ಣದ ಕಾಗದದ ಪರಪರಿಗಳು ಇದ್ದವು. ಸರ ಬಿಚ್ಚಿದ ಮೇಲೆ ಮೆಣಸಿನಕಾಯಿ ಅಡಿಗೆಮನೆ ಸೇರುತ್ತದೆ. ಕಿತ್ತ ಹೂವಿನ ಎಡೆಯಲ್ಲಿ ಕಾಗದ ಬಂದರೆ ಏಕೇಂದ್ರಿಯ ಜೀವಗಳ ಹಿಂಸೆ ಅಷ್ಟು ಕಡಿಮೆ. ಈ ಮಟ್ಟಿಗೆ ಆ ಪರದೇಶದ ಪದ್ಧತಿ ನಮ್ಮ ರೂಢಿಗಿಂತ ಮೇಲು.

ಹಾಗೆಂದು ಹಳೆಯದೆಲ್ಲ ಗ್ರಾಹ್ಯವೂ ಅಲ್ಲ. ಹಳೆಯ ಮೆಕ್ಸಿಕೋದ ಪ್ರಸಿದ್ಧ ಕೆಂಪು ಬಣ್ಣವು ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಒಂದು ಸಣ್ಣ ಕೀಟವನ್ನು ಒಣಗಿಸಿ ಅರೆದುದು. ಒಂದು ಪೌಂಡಿಗೆ ಸುಮಾರು 70,000 ಜೀವಗಳೆಂದು ಲೆಕ್ಕ. ಹದಿನೆಂಟನೆಯ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯವರು ಮದರಾಸಿನಲ್ಲಿಯೂ ಇದನ್ನು ಸಾಕಲು ಯತ್ನಿಸಿದ್ದರು. ಇಂದಿಗೂ ಕೆಲವು ಮಿಠಾಯಿಗಳ ಪೊಟ್ಟಣದ ಮೇಲೆ 120 ಎಂಬ ಅಂಕೆಯ ಮರೆಯಲ್ಲಿ ಅದೇ ಬಣ್ಣವಿರುತ್ತದೆ. ಶ್ರಾವಕರು ಓದಿಯೇ ಕೊಳ್ಳತಕ್ಕದ್ದು.

ನಿಜವಾದ ತೊಡಕು ಬಂದುದು ಪಿನ್ಯಾತಾ ಎಂಬುದರಲ್ಲಿ. ಕಾಗದದಿಂದ ಕತ್ತೆಯ ಆಕೃತಿ ಮಾಡಿ, ಹೊಟ್ಟೆಯಲ್ಲಿ ಮಿಠಾಯಿ ತುಂಬಿ ತೂಗುಹಾಕುತ್ತಾರೆ. ಮಕ್ಕಳು ಕಣ್ಣು ಕಟ್ಟಿಕೊಂಡು, ಹೊಟ್ಟೆ ಒಡೆಯುವವರೆಗೂ ಅದನ್ನು ಕೋಲಿನಿಂದ ಬಡಿಯುತ್ತಾರೆ. ನಾನು ಬೇಡವೆಂದೆ.

“ಅದು ಕಾಗದದ್ದು ದೊಡ್ಡಪ್ಪಾ, ಅದರಾಗ ಜೀವ ಎಲ್ಲೈತಿ?” ಎಂದಳು.

ಈ ಪ್ರಶ್ನೆಗೆ ಕನ್ನಡದಲ್ಲಿ ಜನ್ನನು 1209ರಲ್ಲಿಯೇ ಒಂದು ಕಾವ್ಯ ರಚಿಸಿದ್ದಾನೆ. ಯಶೋಧರ ಚರಿತೆಯ ಅರಸನು ನಿಜವಾದ ಪ್ರಾಣಿಯನ್ನು ಕೊಲ್ಲಲೊಲ್ಲದೆ, ತಾಯಿ ಚಂದ್ರಮತಿಯ ಮಾತಿಗೆ ಕಟ್ಟುಬಿದ್ದು, ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕತ್ತಿಯ ಏಟಿಗೆ ಅದು ಕೂಗುತ್ತದೆ. ತಾಯಿ, ಮಗ ಇಬ್ಬರೂ ನಾಯಿ, ನವಿಲು ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ಣವಾಗಿ ತಪ್ಪಿದ್ದಲ್ಲ. ಸಂಕಲ್ಪೀ ಹಿಂಸೆಯನ್ನಾದರೋ ಅವನು ಬಿಡಲೇಬೇಕು. ಕೋಳಿ ಹಿಟ್ಟಿನದಾದರೂ ಅರಸನ ಸಂಕಲ್ಪ ಹಿಟ್ಟಿನದಾಗಿರಲಿಲ್ಲ.

ಹುಡುಗಿ ಇದನ್ನು ಬಲ್ಲಳು. ಬಾಲ್ಯದಲ್ಲಿ ನಾನೇ ಹೇಳಿದ ಕಥೆ. ಸ್ವಲ್ಪ ಯೋಚಿಸಿ ಅಂದಳು: “ಅರಸನ ಮನಸಿನಾಗ ಬಲಿ ಇತ್ತು. ಈ ಮಕ್ಕಳ ಮನಸಿನಾಗ ಮಿಠಾಯಿ ಐತಿ.”

ಇದು ತಳ್ಳಿಹಾಕತಕ್ಕ ವಾದವಲ್ಲ. ಭಾವವೇ ಪ್ರಧಾನವೆಂಬ ನಮ್ಮ ಸಿದ್ಧಾಂತವನ್ನೇ ಆಕೆ ನನ್ನೆದುರಿಗೆ ಹಿಡಿದಿದ್ದಳು. ಆದರೆ ಅರಸನಲ್ಲಿ ಭಾವ ಮೊದಲು ಹುಟ್ಟಿ ಆಮೇಲೆ ಕೈ ಎದ್ದಿತು. ಐದಾರು ವರ್ಷದ ಮಗುವಿನಲ್ಲಿ ಕೈಯ ಅಭ್ಯಾಸವೇ ಭಾವವನ್ನು ಹುಟ್ಟಿಸಬಲ್ಲುದು. ನಾಲ್ಕು ಕಾಲು, ಎರಡು ಕಿವಿ, ಕಣ್ಣು ಉಳ್ಳ ಆಕೃತಿ ಏಟಿಗೆ ಹರಿದಾಗ ಬಂಧುಗಳೆಲ್ಲ ಚಪ್ಪಾಳೆ ತಟ್ಟಿದರೆ, ಆ ಮಗು ಕಲಿಯುವುದು ಮಿಠಾಯಿಯ ರುಚಿಯೊಂದನ್ನೇ ಅಲ್ಲ. ಅದೂ ಜಿನಸಾಕ್ಷಿಯಾಗಿ ನಡೆದ ಮದುವೆಯ ದಿನ!

ಮೆಕ್ಸಿಕೋದ ಸಾಂಪ್ರದಾಯಿಕ ಪಿನ್ಯಾತಾ ಕತ್ತೆಯಲ್ಲ, ಏಳು ಕೋಡುಗಳ ನಕ್ಷತ್ರ. ಅಲ್ಲಿಯ ಕ್ರೈಸ್ತರು ಆ ಕೋಡುಗಳನ್ನು ಏಳು ಪಾಪಗಳೆಂದು ವಿವರಿಸುತ್ತಾರೆ. ನಮ್ಮಲ್ಲಿಯೂ ತ್ಯಾಜ್ಯವಾದ ವ್ಯಸನಗಳು ಏಳೇ: ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಗಮನ. ಹಳೆಯದೇ ಬೇಕೆನ್ನುವವಳಿಗೆ ಇದಕ್ಕಿಂತ ಹಳೆಯದು ಯಾವುದು ಎಂದೆ. ಆಕೆ ನಕ್ಕು ಕತ್ತೆಯನ್ನು ಬಿಟ್ಟಳು.

ನಕ್ಷತ್ರವನ್ನು ಕೋಲಿನಿಂದ ಒಡೆಯಬೇಕೋ, ಕೋಡಿಗೊಂದರಂತೆ ಏಳು ದಾರ ಕಟ್ಟಿ ಮಕ್ಕಳಿಂದ ಎಳೆಯಿಸಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನು ದಾರದ ಪಕ್ಷ, ಹುಡುಗಿ ಕೋಲಿನ ಪಕ್ಷ. ಭೋಜನವು ಸೂರ್ಯಾಸ್ತಕ್ಕೆ ಮೊದಲೇ ಮುಗಿಯುವುದೆಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.