ವ್ಲದಿಮಿರ್‌ಕಾ ದಾರಿ

ಟಾಲ್‌ಸ್ಟಾಯ್, ದಾಸ್ತೋವ್‌ಸ್ಕಿ, ಚೆಕಾವ್ ಅವರನ್ನು ಕನ್ನಡದಲ್ಲೇ ಓದಿ ಆತ್ಮೀಯರಾಗಿಸಿಕೊಂಡ ಓದುಗರಲ್ಲಿ ಹಲವರಿಗೆ, ಅದೇ ಕಾಲದಲ್ಲಿ ಅದೇ ನೆಲದ ಬದುಕನ್ನು ಬಣ್ಣಗಳಲ್ಲಿ ಹಿಡಿದ ಚಿತ್ರಕಾರರ ಹೆಸರೂ ತಿಳಿಯದಿರುವುದು ಸಣ್ಣ ಕೊರತೆಯಲ್ಲ. ಹತ್ತೊಂಬತ್ತನೆಯ ಶತಮಾನದ ಕಲೆಯೆಂದರೆ ಪ್ಯಾರಿಸ್ ಎಂಬ ನಂಬಿಕೆಯನ್ನು ಹೊತ್ತು ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರಿಯನ್ನು ಹೊಕ್ಕವರು, ಮೊಣಕಾಲನ್ನು ಎರಡೂ ಕೈಗಳಿಂದ ಬಿಗಿಹಿಡಿದು ತನ್ನೊಳಗೇ ಮುಳುಗಿ ಕುಳಿತ ದಾಸ್ತೋವ್‌ಸ್ಕಿಯನ್ನು ಪೆರೋವ್ 1872ರಲ್ಲಿ ಬರೆದ ಭಾವಚಿತ್ರದಲ್ಲಿ ಕಂಡೊಡನೆ, ಆ ನಂಬಿಕೆಯನ್ನು ಅಲ್ಲೇ ಬಿಡಬೇಕಾಗುತ್ತದೆ.

ಬಟ್ಟೆಯ ವ್ಯಾಪಾರಿಯಾಗಿದ್ದ ಪಾವೆಲ್ ತ್ರೆತ್ಯಾಕೋವ್ 1856ರಿಂದ ಸಂಗ್ರಹಿಸುತ್ತ ಬಂದು 1892ರಲ್ಲಿ ಮಾಸ್ಕೋ ನಗರಕ್ಕೆ ದಾನವಾಗಿತ್ತ ಚಿತ್ರಗಳೇ ಈ ಗ್ಯಾಲರಿಯ ತಿರುಳು. 1870ರಲ್ಲಿ ಸಂಘ ಕಟ್ಟಿಕೊಂಡ ‘ಪೆರೆದ್ವಿಜ್ನಿಕಿ’, ಅಂದರೆ ಸಂಚಾರಿ ಪ್ರದರ್ಶನಗಳ ಚಿತ್ರಕಾರರು, ಅವನ ಬಹುದೊಡ್ಡ ಆಸಕ್ತಿಯಾಗಿದ್ದರು. ಕನ್ನಡನಾಡಿನ ವೃತ್ತಿ ನಾಟಕ ಕಂಪನಿಗಳು ಊರೂರಿನಲ್ಲಿ ಕ್ಯಾಂಪ್ ಹಾಕುತ್ತಿದ್ದಂತೆ, ಇವರು ತಮ್ಮ ಚಿತ್ರಗಳನ್ನು ರಾಜಧಾನಿಯಾಚೆಯ ಪಟ್ಟಣಗಳಿಗೆ ಒಯ್ದು ತೋರಿಸಿದರು.

ಈ ಬಳಗದ ಪ್ರದರ್ಶನಗಳಲ್ಲಿ ಪಾಲ್ಗೊಂಡ ಐಸಾಕ್ ಲೆವಿತಾನ್ 1892ರಲ್ಲಿ ಬರೆದ ‘ವ್ಲದಿಮಿರ್‌ಕಾ’ದ ಮುಂದೆ ಮಾತ್ರ ನೋಡುಗರು ಬಹಳ ಹೊತ್ತು ನಿಲ್ಲಬೇಕು. ಮೋಡ ಕವಿದ ಆಕಾಶ, ದಿಗಂತದವರೆಗೆ ಚಾಚಿದ ಮಣ್ಣಿನ ದಾರಿ, ಅದರ ಅಕ್ಕಪಕ್ಕದಲ್ಲಿ ನಡೆದೂ ನಡೆದೂ ಸವೆದ ಕಾಲುಹಾದಿಗಳು, ದೂರದಲ್ಲಿ ಒಬ್ಬಳು ಯಾತ್ರಿಕ ಹೆಂಗಸು: ಚಿತ್ರದಲ್ಲಿರುವುದು ಇಷ್ಟೇ. ಆದರೆ ಸೈಬೀರಿಯಾದ ಶಿಕ್ಷೆಗೆ ಗುರಿಯಾದ ಕೈದಿಗಳನ್ನು ರೈಲು ಬರುವ ಮೊದಲು ಸಂಕೋಲೆ ತೊಡಿಸಿ ಮಾಸ್ಕೋದಿಂದ ಪೂರ್ವಕ್ಕೆ ನಡೆಸುತ್ತಿದ್ದುದು ಈ ದಾರಿಯಲ್ಲೇ ಎಂಬುದನ್ನು ಅರಿತ ಮೇಲೆ, ಆ ಕಾಲುಹಾದಿಗಳನ್ನು ಸವೆಸಿದವರು ಯಾರೆಂದು ಯಾರೂ ಹೇಳಬೇಕಾಗಿಲ್ಲ. ಒಬ್ಬ ಕೈದಿಯನ್ನೂ ಬರೆಯದೆ ಒಂದು ಸಾಮ್ರಾಜ್ಯದ ಕ್ರೌರ್ಯವನ್ನು ಲೆವಿತಾನ್ ಬರೆದಿದ್ದಾನೆ. ಅವನ ಆಪ್ತ ಗೆಳೆಯನಾದ ಚೆಕಾವ್ ಎರಡು ವರ್ಷ ಮೊದಲಷ್ಟೇ, 1890ರಲ್ಲಿ, ಸೈಬೀರಿಯಾವನ್ನು ಹಾದು ಸಖಾಲಿನ್ ದ್ವೀಪಕ್ಕೆ ಹೋಗಿ ಅಲ್ಲಿನ ಕೈದಿಗಳ ಬದುಕನ್ನು ಕಣ್ಣಾರೆ ಕಂಡು ದಾಖಲಿಸಿದ್ದ. ಯಹೂದಿಯೆಂಬ ಒಂದೇ ಕಾರಣಕ್ಕೆ ಲೆವಿತಾನ್ ಕೂಡ ಆ 1892ರಲ್ಲೇ ಮಾಸ್ಕೋದಿಂದ ಹೊರಹಾಕಲ್ಪಟ್ಟ. ಗೆಳೆಯರ ಪ್ರಯತ್ನದಿಂದ ಮರಳಿದ ಮೇಲೆ, ತನ್ನನ್ನು ಹೊರದಬ್ಬಿದ ಅದೇ ನಗರದ ಗ್ಯಾಲರಿಗೆ ಈ ಚಿತ್ರವನ್ನು ಕಾಣಿಕೆಯಾಗಿ ಕೊಟ್ಟ. ಅಷ್ಟು ದೊಡ್ಡ ಮನಸ್ಸಿನ ಉತ್ತರ ಕಲೆಯ ಚರಿತ್ರೆಯಲ್ಲಿ ವಿರಳ.

ಚೆಕಾವ್‌ನ ಕಥೆಗಳಲ್ಲಿ ಹೇಳದೆ ಬಿಟ್ಟದ್ದನ್ನು ಗ್ರಹಿಸಬಲ್ಲ ಓದುಗರಿಗೆ ಈ ಚಿತ್ರ ಕಷ್ಟವಾಗದು. ಅದು ಅವರ ಕಣ್ಣಿಗೆ ಬೀಳಬೇಕು, ಅಷ್ಟೇ. ರಷ್ಯನ್ ಕಥೆ, ಕಾದಂಬರಿಗಳನ್ನು ಕನ್ನಡಕ್ಕೆ ತರುವ ಪ್ರಕಾಶಕರು ಇನ್ನು ಮುಂದೆ ಅವುಗಳ ಜೊತೆಗೆ ಈ ಚಿತ್ರಗಳನ್ನೂ ಅಚ್ಚು ಹಾಕಬೇಕು.